ಕೋಲಿಲ್ಲದ ಕ್ಲಾಸು: ಹೊಸದಾಗಿ ಪಾಠ ಮಾಡೋಕೆ ಹೋಗುವವರಿಗೆ

ಹೋದ ಸೆಮ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ನಾವು ಆರು ಜನ ಶನಿವಾರ ಶನಿವಾರ ಗೌರಿಬಿದನೂರು ತಾಲೂಕಿನ ಕುಡುಮಲಕುಂಟೆ ಕಡೆಯ ಒಂದು ಸರ್ಕಾರಿ ಶಾಲೆಗೆ ವಿಜ್ಞಾನ ಪಾಠ ಮಾಡೋಕೆ ಹೋಗ್ತಿದ್ವಿ. ಏಳನೇ ಕ್ಲಾಸು, 34 ಮಕ್ಕಳು. ಮೊದಲ ದಿನ ನಮ್ಮ ಬ್ಯಾಗ್‌ನಲ್ಲಿ ಲ್ಯಾಪ್‌ಟಾಪ್, ಸೂಜಿಗಲ್ಲು, ಶೆಲ್ಲು, ತಾಮ್ರದ ತಂತಿ ಎಲ್ಲಾ ಇತ್ತು. ಕ್ಲಾಸನ್ನು ಹೇಗೆ ನಡೆಸಬೇಕು ಅನ್ನೋ ಯೋಚನೆ ಮಾತ್ರ ಇರಲಿಲ್ಲ.

ಮೊದಲ ಹತ್ತು ನಿಮಿಷ ಚೆನ್ನಾಗೇ ಹೋಯ್ತು. ಆಮೇಲೆ ಸೂಜಿಗಲ್ಲು ಹಂಚೋಕೆ ಶುರು ಮಾಡಿದ್ವಿ. ಇದ್ದದ್ದು ಎಂಟು, ಕೈ ಚಾಚಿದ್ದು ಮೂವತ್ನಾಲ್ಕು ಮಕ್ಕಳು. ಎರಡೇ ನಿಮಿಷದಲ್ಲಿ ಕ್ಲಾಸು ಸಂತೆ ಆಯ್ತು. ನಮ್ಮಲ್ಲೊಬ್ಬರು ಕೂಗಿದರು, ಇನ್ನೊಬ್ಬರು ಸ್ಕೇಲ್‌ನಿಂದ ಟೇಬಲ್ ಕುಟ್ಟಿದರು. ಅರೆಗಳಿಗೆ ಸುಮ್ಮನಾಗಿ ಮತ್ತೆ ಅದೇ ಗಲಾಟೆ. ಹೇಗೋ ಪಾಠ ಮುಂದುವರಿಸಿ "ಮ್ಯಾಗ್ನೆಟ್‌ಗೆ ಎರಡು ಪೋಲ್ ಇರತ್ತೆ" ಅಂತ ಹೇಳುವಾಗ ಮೂರನೇ ಸಾಲಿನ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ನಮಗೆ ಅಷ್ಟೊತ್ತಿಗಾಗಲೇ ತಲೆ ಕೆಟ್ಟಿತ್ತು. ಅವನನ್ನ ಎಬ್ಬಿಸಿ ಹೊರಗೆ ಕಳಿಸಿದ್ವಿ, ಬಾಗಿಲ ಹತ್ರ ಮಂಡಿಯೂರಿ ಕೂರಿಸಿದ್ವಿ. ಕ್ಲಾಸು ಗಪ್‌ಚುಪ್ ಆಯ್ತು. ನಿಜ ಹೇಳಬೇಕಂದ್ರೆ ಆ ಕ್ಷಣಕ್ಕೆ ನಮಗೆ ಗೆದ್ದ ಹಾಗೇ ಅನ್ನಿಸ್ತು.

ಮುಂದಿನ ಶನಿವಾರ ಆ ಹುಡುಗ ಬಂದಿರಲಿಲ್ಲ. ಶಾಲೆಯ ಹಿರಿಯ ಮೇಡಂ ಒಬ್ಬರು ನಮ್ಮನ್ನ ಪಕ್ಕಕ್ಕೆ ಕರೆದು ಕೇಳಿದರು: "ಏನ್ರಪ್ಪಾ, ಮಗು ಯಾಕೆ ನಕ್ಕಿತು ಅಂತ ಕೇಳಿದ್ರಾ?" ಕೇಳಿರಲಿಲ್ಲ. ಅವರು ಕೇಳಿದ್ದರು. ಹುಡುಗನಿಗೆ "ಪೋಲ್" ಅಂದ್ರೆ ಏನು ಅಂತ ತಿಳಿದಿರಲಿಲ್ಲ, ಪಕ್ಕದವನನ್ನ ತೆಲುಗಿನಲ್ಲಿ ಕೇಳಿದ್ದ. ಪಕ್ಕದವನು "ಕರೆಂಟ್ ಕಂಬ" ಅಂದಿದ್ದ. ಸೂಜಿಗಲ್ಲಿಗೆ ಎರಡು ಕರೆಂಟ್ ಕಂಬ ಇರತ್ತೆ ಅಂದ್ರೆ ಯಾರಿಗಾದರೂ ನಗು ಬರಲ್ವಾ? ಪುಸ್ತಕದಲ್ಲಿ ಇದ್ದದ್ದು "ಧ್ರುವ". ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮ್ಮ ಬಾಯಿಗೆ ಆ ಪದ ಬರಲಿಲ್ಲ. ಪಾಠ ಅರ್ಥ ಮಾಡ್ಕೊಳ್ಳೋಕೆ ಹೋದ ಹುಡುಗನಿಗೆ ನಾವು ಶಿಕ್ಷೆ ಕೊಟ್ಟಿದ್ವಿ.

ಅವತ್ತು ಬಸ್ಸಲ್ಲಿ ವಾಪಸ್ ಬರುವಾಗ ಯಾರೂ ಜಾಸ್ತಿ ಮಾತಾಡಲಿಲ್ಲ. ಆಮೇಲೆ ಇಡೀ ಸೆಮ್ ಈ ವಿಷಯದ ಬಗ್ಗೆ ಓದಿದ್ವಿ, ಆ ಮೇಡಂ ಕ್ಲಾಸಲ್ಲಿ ಹಿಂದೆ ಕೂತು ನೋಡಿದ್ವಿ, ನಾವೇ ಪ್ರಯತ್ನ ಮಾಡಿ ನೋಡಿದ್ವಿ. ಎನ್‌ಎಸ್‌ಎಸ್ ಕ್ಯಾಂಪ್‌ಗೆ ಹೋಗುವವರು, ಜೂನಿಯರ್‌ಗಳಿಗೆ ವರ್ಕ್‌ಶಾಪ್ ತಗೊಳ್ಳುವವರು, ಮುಂದೆ ಲೆಕ್ಚರರ್ ಆಗಬೇಕು ಅಂತಿರುವವರು, ಎಲ್ಲರಿಗೂ ಇದು ಉಪಯೋಗಕ್ಕೆ ಬರಬಹುದು ಅಂತ ಬರೀತಿದ್ದೀವಿ.

ಮೊದಲು ಕಾನೂನು

ನಾವು ಮಾಡಿದ್ದು ಬರೀ ಒರಟುತನ ಅಲ್ಲ, ಕಾನೂನಿಗೇ ವಿರುದ್ಧ. ಶಿಕ್ಷಣ ಹಕ್ಕು ಕಾಯ್ದೆ, ಅಂದ್ರೆ ಆರ್‌ಟಿಇ, 2009ರಲ್ಲಿ ಬಂತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೇ ಸೆಕ್ಷನ್ ಎರಡು ವಿಷಯಗಳನ್ನು ನಿಷೇಧಿಸುತ್ತೆ: ಒಂದು ದೈಹಿಕ ಶಿಕ್ಷೆ, ಇನ್ನೊಂದು ಮಾನಸಿಕ ಹಿಂಸೆ. ಇದನ್ನು ಮೀರಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಕ್ರಮ ತಗೋಬಹುದು ಅಂತಲೂ ಅಲ್ಲೇ ಇದೆ. ಅದಕ್ಕೂ ಮುಂಚೆ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಶಾಲೆಗಳಲ್ಲಿ ದೈಹಿಕ ಶಿಕ್ಷೆ ಇರಕೂಡದು ಅಂತ ಬರೆದಿದ್ದರು.

ನಮ್ಮಲ್ಲಿ ತುಂಬಾ ಜನ "ಹೊಡೆದರೆ ಮಾತ್ರ ಶಿಕ್ಷೆ" ಅಂದುಕೊಂಡಿದ್ದೀವಿ. ಹಾಗಲ್ಲ. ಬಸ್ಕಿ ಹೊಡೆಸೋದು, ಕಿವಿ ಹಿಂಡೋದು, ಮಂಡಿಯೂರಿಸೋದು, ಬಿಸಿಲಲ್ಲಿ ನಿಲ್ಲಿಸೋದು ಕೂಡ ದೇಹಕ್ಕೆ ಕೊಡೋ ಶಿಕ್ಷೆಯೇ. "ನಿನ್ನ ತಲೇಲಿ ಜೇಡಿಮಣ್ಣು ತುಂಬಿದೆ" ಅಂತ ಎಲ್ಲರ ಎದುರು ಹಂಗಿಸೋದು, ಜಾತಿ, ಬಡತನ, ಮೈಬಣ್ಣ ಎತ್ತಿ ಮಾತಾಡೋದು ಮಾನಸಿಕ ಹಿಂಸೆ.

ನಮ್ಮ ನಾಡಿನ ಹಳೇ ಕೂಲಿಮಠಗಳಲ್ಲಿ "ಕೋದಂಡ" ಅನ್ನೋ ಶಿಕ್ಷೆ ಇತ್ತು. ಮೇಲಿನ ತೊಲೆಗೆ ಹಗ್ಗ ಕಟ್ಟಿ, ಹುಡುಗ ಅದನ್ನ ಹಿಡಿದು ಜೋತಾಡಬೇಕು. ಅದನ್ನ ಕೇಳಿದರೆ ಇವತ್ತು ನಮಗೆ ಮೈ ಝುಂ ಅನ್ನತ್ತೆ. ಆದರೆ "ನಮ್ಮ ಮೇಷ್ಟ್ರು ಹೊಡೆದಿದ್ದಕ್ಕೇ ನಾವು ಉದ್ಧಾರ ಆಗಿದ್ದು" ಅನ್ನೋ ಮಾತು ಇವತ್ತಿಗೂ ಮದುವೆ ಮನೇಲಿ, ವಾಟ್ಸಾಪ್ ಗುಂಪಲ್ಲಿ ಓಡಾಡ್ತಾನೇ ಇರತ್ತೆ. ಅಲ್ಲಿ ಒಂದು ಲೆಕ್ಕ ತಪ್ಪಿದೆ. ಹೊಡೆತ ತಿಂದೂ ಓದಿದವರು ಮಾತ್ರ ಆ ಮಾತು ಹೇಳೋಕೆ ಉಳಿದಿರ್ತಾರೆ. ಹೊಡೆತಕ್ಕೆ ಹೆದರಿ ಶಾಲೆ ಬಿಟ್ಟವರನ್ನ ಯಾರೂ ಕೇಳಲ್ಲ. ಸ್ಯಾಂಪಲ್‌ನಲ್ಲೇ ತಪ್ಪಿದ್ದರೆ ಉತ್ತರ ಸರಿ ಬರತ್ತಾ?

ಕೂಗಿದರೆ ಯಾಕೆ ಗಲಾಟೆ ಕಮ್ಮಿ ಆಗಲ್ಲ

ಇದನ್ನ ಎಂಜಿನಿಯರಿಂಗ್ ಭಾಷೇಲೇ ಹೇಳಬಹುದು. ಸುತ್ತ ಸದ್ದು ಜಾಸ್ತಿ ಇದ್ದಾಗ ಮನುಷ್ಯ ತನಗೇ ಗೊತ್ತಿಲ್ಲದೆ ದನಿ ಏರಿಸ್ತಾನೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಅಂತಾರೆ. 1911ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ಡ್ ಅವರ ಹೆಸರು ಅದು. ಕ್ಲಾಸಲ್ಲಿ ಮಕ್ಕಳು ಮಾತಾಡ್ತಿದ್ದಾರೆ, ಅವರ ಮೇಲೆ ಕೇಳಿಸಲಿ ಅಂತ ನಾವು ಕೂಗ್ತೀವಿ. ನಮ್ಮ ಕೂಗಿನ ಮೇಲೆ ಪಕ್ಕದವನಿಗೆ ಕೇಳಿಸಲಿ ಅಂತ ಮಕ್ಕಳೂ ದನಿ ಏರಿಸ್ತಾರೆ. ನಾವು ಇನ್ನೂ ಏರಿಸ್ತೀವಿ. ಇದು ಶುದ್ಧ ಪಾಸಿಟಿವ್ ಫೀಡ್‌ಬ್ಯಾಕ್. ಮೈಕನ್ನು ಸ್ಪೀಕರ್ ಎದುರು ಹಿಡಿದ ಹಾಗೆ. ಕೊನೆಗೆ ಉಳಿಯೋದು ನಮ್ಮ ಗಂಟಲು ನೋವು.

ನಾವು ನೋಡಿದ ಮೇಡಂ ಇದಕ್ಕೆ ತದ್ವಿರುದ್ಧ ಮಾಡ್ತಿದ್ದರು. ಸದ್ದು ಜಾಸ್ತಿ ಆದಾಗ ಅವರು ಮಾತು ನಿಲ್ಲಿಸ್ತಿದ್ದರು. ಎರಡು ಸಲ ಚಪ್ಪಾಳೆ, ಮಕ್ಕಳಿಂದ ತಿರುಗಿ ಮೂರು ಚಪ್ಪಾಳೆ, ಆಮೇಲೆ ಮೌನ. ಮೌನ ಆದ ಮೇಲೆ ಅವರು ಮಾತು ಶುರು ಮಾಡ್ತಿದ್ದದ್ದು ತಗ್ಗಿದ ದನಿಯಲ್ಲಿ. ಮಕ್ಕಳು ಕೇಳಿಸ್ಕೊಳ್ಳೋಕೆ ಮುಂದಕ್ಕೆ ಬಾಗ್ತಿದ್ದರು. ನಾವು ಇದನ್ನ ಎರಡನೇ ವಾರ ಮಾಡಿ ನೋಡಿದಾಗ ಕೆಲಸ ಮಾಡಲಿಲ್ಲ. ಯಾಕಂದ್ರೆ ಚಪ್ಪಾಳೆ ತಟ್ಟಿ, ಮೌನಕ್ಕೆ ಕಾಯದೆ, ಗಲಾಟೆ ಮೇಲೇ ಪಾಠ ಶುರು ಮಾಡಿಬಿಟ್ವಿ. ಸಿಗ್ನಲ್ ಕೊಟ್ಟ ಮೇಲೆ ಪೂರ್ತಿ ಮೌನ ಆಗೋವರೆಗೆ ಕಾಯೋದೇ ಅದರ ಮುಖ್ಯ ಭಾಗ ಅಂತ ಆಮೇಲೆ ತಿಳೀತು. ಮೊದಲ ಸಲ ಒಂದು ನಿಮಿಷ ಬೇಕಾಗಬಹುದು. ನಾಲ್ಕನೇ ವಾರಕ್ಕೆ ಹತ್ತು ಸೆಕೆಂಡ್ ಸಾಕಾಯ್ತು.

ಗಲಾಟೆ ಶುರುವಾಗೋ ಜಾಗಗಳು

ಅಮೆರಿಕದ ಜೇಕಬ್ ಕೌನಿನ್ ಅನ್ನೋ ಮನಶ್ಶಾಸ್ತ್ರಜ್ಞ ಈ ವಿಷಯದಲ್ಲಿ ದೊಡ್ಡ ಹೆಸರು. ಅವರು ಕಾಲೇಜಲ್ಲಿ ಪಾಠ ಮಾಡುವಾಗ ಒಬ್ಬ ವಿದ್ಯಾರ್ಥಿ ಪೇಪರ್ ಓದ್ತಾ ಕೂತಿದ್ದನಂತೆ. ಅವನನ್ನ ಗದರಿದರು. ಆಗ ಅವರ ಗಮನಕ್ಕೆ ಬಂದಿದ್ದು, ಏನೂ ತಪ್ಪು ಮಾಡದ ಉಳಿದವರೂ ಬಿಗಿಯಾಗಿ ಕೂತದ್ದು. ಒಬ್ಬನಿಗೆ ಬೈದರೆ ಇಡೀ ಕ್ಲಾಸಿನ ಮೇಲೆ ಏನಾಗತ್ತೆ ಅಂತ ಅಲ್ಲಿಂದ ವರ್ಷಗಟ್ಟಲೆ ಸಂಶೋಧನೆ ಮಾಡಿದರು, ಕ್ಲಾಸುಗಳನ್ನ ವಿಡಿಯೋ ಮಾಡಿ ನೋಡಿದರು. 1970ರಲ್ಲಿ ಪುಸ್ತಕ ಬಂತು.

ಅವರಿಗೆ ಸಿಕ್ಕ ಉತ್ತರ ಅವರೇ ನಿರೀಕ್ಷಿಸದೇ ಇದ್ದದ್ದು. ತಪ್ಪು ನಡೆದ ಮೇಲೆ ಹೇಗೆ ಗದರಬೇಕು ಅನ್ನೋದರಲ್ಲಿ ಒಳ್ಳೇ ಶಿಕ್ಷಕರಿಗೂ ಒದ್ದಾಡೋ ಶಿಕ್ಷಕರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತಪ್ಪು ನಡೆಯೋದಕ್ಕೆ ಮುಂಚಿನ ಕೆಲಸದಲ್ಲಿ. ಒಳ್ಳೇ ಶಿಕ್ಷಕರು ಇಡೀ ಕ್ಲಾಸಲ್ಲಿ ಏನಾಗ್ತಿದೆ ಅಂತ ಸದಾ ಗಮನಿಸ್ತಿದ್ದರು, ಅದು ಮಕ್ಕಳಿಗೂ ಗೊತ್ತಿರ್ತಿತ್ತು. ನಮ್ಮ ಕಡೆ "ಆ ಮೇಷ್ಟ್ರಿಗೆ ಬೆನ್ನಲ್ಲೂ ಕಣ್ಣಿದೆ" ಅಂತೀವಲ್ಲ, ಅದೇ. ಇನ್ನೊಂದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ಅವರು ತಡವರಿಸ್ತಿರಲಿಲ್ಲ. ಎರಡು ಕೆಲಸ ಒಟ್ಟಿಗೆ ನಿಭಾಯಿಸ್ತಿದ್ದರು. ಒಬ್ಬ ಹುಡುಗಿಗೆ ಲೆಕ್ಕ ಹೇಳಿಕೊಡ್ತಾನೇ ಕಿಟಕಿ ಹತ್ರ ಜಗಳ ಶುರುವಾಗೋದನ್ನ ಕಣ್ಣಲ್ಲೇ ನಿಲ್ಲಿಸ್ತಿದ್ದರು.

ಇದನ್ನ ಓದಿದ ಮೇಲೆ ನಮ್ಮ ಮೊದಲ ಶನಿವಾರವನ್ನ ಡೀಬಗ್ ಮಾಡಿದ್ವಿ. ತಪ್ಪುಗಳು ಸಾಲಾಗಿ ಸಿಕ್ಕವು.

ಒಂದು, ಖಾಲಿ ಸಮಯ. ಲ್ಯಾಪ್‌ಟಾಪ್ ಆನ್ ಆಗೋಕೆ ನಾಲ್ಕು ನಿಮಿಷ ಆಯ್ತು. ಆ ನಾಲ್ಕು ನಿಮಿಷ ಮಕ್ಕಳು ಏನು ಮಾಡಬೇಕು ಅಂತ ನಾವು ಹೇಳಿರಲಿಲ್ಲ. ಕೆಲಸ ಕೊಡದೇ ಇದ್ದರೆ ಮಕ್ಕಳು ಕೆಲಸ ಹುಡುಕ್ಕೊಳ್ತಾರೆ.

ಎರಡು, ಹಂಚೋ ಗೊಂದಲ. ಎಂಟು ಸೂಜಿಗಲ್ಲು ಇದ್ದಾಗ ಎಂಟು ಗುಂಪು ಮೊದಲೇ ಮಾಡಿ, ಗುಂಪಿಗೊಬ್ಬರು ಬಂದು ತಗೊಂಡು ಹೋಗಬೇಕು ಅಂತ ಹೇಳಬೇಕಿತ್ತು. ಹೇಳೋದೆಲ್ಲ ಹೇಳಿ ಮುಗಿದ ಮೇಲೆ ಸಾಮಾನು ಕೊಡಬೇಕು. ಕೈಗೆ ಸೂಜಿಗಲ್ಲು ಬಂದ ಮೇಲೆ ನಮ್ಮ ಮಾತು ಯಾರಿಗೆ ಬೇಕು?

ಮೂರು, ನಿಂತ ಜಾಗ. ಆರು ಜನರೂ ಬೋರ್ಡ್ ಹತ್ರವೇ ಗುಂಪು ಕಟ್ಟಿ ನಿಂತಿದ್ವಿ. ಹಿಂದಿನ ಎರಡು ಸಾಲಿನ ಮಕ್ಕಳ ಪಾಲಿಗೆ ನಾವು ಇರಲೇ ಇಲ್ಲ.

ನಾಲ್ಕು, ಭಾಷೆ. ಗೌರಿಬಿದನೂರಿನ ಆಚೆಗೆ ಆಂಧ್ರದ ಹಿಂದೂಪುರ. ಈ ಭಾಗದ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೇಲಿ ಕನ್ನಡ, ಪೇಟೇಲಿ ಎರಡೂ. ಕುಡುಮಲಕುಂಟೆಯಲ್ಲಿ ಕೈಗಾರಿಕಾ ಪ್ರದೇಶ ಬೇರೆ ಇದೆ, ಹಾಗಾಗಿ ಸುತ್ತಮುತ್ತ ಬೇರೆ ಕಡೆಯಿಂದ ಕೆಲಸಕ್ಕೆ ಬಂದವರೂ ಇರ್ತಾರೆ. ಅರ್ಥ ಆಗದ ಮಗು ಎದ್ದು "ಅರ್ಥ ಆಗಲಿಲ್ಲ" ಅನ್ನಲ್ಲ, ಪಕ್ಕದವರನ್ನ ಕೇಳತ್ತೆ. ನಮ್ಮ ಕಿವಿಗೆ ಅದು ಗಲಾಟೆ. ನಾವೂ ಫಸ್ಟ್ ಸೆಮ್‌ನಲ್ಲಿ ಲ್ಯಾಬ್‌ನಲ್ಲಿ ಅದನ್ನೇ ಮಾಡಿದ್ದು, ಮರೆತಿದ್ವಿ ಅಷ್ಟೇ.

ಐದು, ಹೊಟ್ಟೆ. ಶನಿವಾರ ಬೆಳಗಿನ ಶಾಲೆ. ಕೆಲವು ಮಕ್ಕಳು ಮನೇಲಿ ಏನೂ ತಿನ್ನದೇ ಬಂದಿರ್ತಾರೆ. ಹಸಿದ ಮಗು ಚಡಪಡಿಸಿದರೆ ಅದು ಅಶಿಸ್ತು ಅಲ್ಲ.

ಈ ಐದರಲ್ಲಿ ಮೊದಲ ನಾಲ್ಕು ನಮ್ಮದೇ ತಪ್ಪು. ಐದನೆಯದು ಯಾರ ತಪ್ಪೇ ಆಗಿರಲಿ, ಮಗುವಿನದಂತೂ ಅಲ್ಲ.

ಮೊದಲ ದಿನ ಏನು ಮಾಡಬೇಕು

ಆಮೇಲೆ ನಾವು ರೂಢಿಸಿಕೊಂಡ ಕ್ರಮ ಹೀಗಿದೆ.

ಹೆಸರು ಕಲೀರಿ. ಕೂತ ಜಾಗದ ನಕ್ಷೆ ಒಂದು ಹಾಳೇಲಿ ಬರೆದು ಹೆಸರು ತುಂಬಿಸಿ. "ಏಯ್ ಕೆಂಪು ಶರ್ಟು" ಅನ್ನೋದಕ್ಕೂ ಹೆಸರು ಹಿಡಿದು ಕರೆಯೋದಕ್ಕೂ ಅಜಗಜಾಂತರ.

ನಿಯಮ ಮೂರೋ ನಾಲ್ಕೋ ಇರಲಿ, ಹತ್ತು ಬೇಡ. "ಮಾಡಬೇಡ" ಅನ್ನೋದಕ್ಕಿಂತ "ಹೀಗೆ ಮಾಡು" ಅಂತ ಹೇಳೋದು ಉತ್ತಮ. ನಮ್ಮ ನಿಯಮಗಳು: ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಅರ್ಥ ಆಗದಿದ್ದರೆ ಕೈ ಎತ್ತಬೇಕು, ತೆಲುಗಲ್ಲಿ ಕೇಳಿದರೂ ಸರಿ. ಸಾಮಾನು ಎಲ್ಲಿಂದ ತಗೊಂಡ್ವೋ ಅಲ್ಲೇ ಇಡಬೇಕು. ನಾಲ್ಕನೇ ನಿಯಮ ಮಕ್ಕಳೇ ಸೇರಿಸಿದ್ದು: ಅಣ್ಣಂದಿರು ಅಕ್ಕಂದಿರು ಕೂಗಬಾರದು. ಒಪ್ಪಿಕೊಂಡ್ವಿ.

ನಿಯಮ ಹೇಳಿದರೆ ಸಾಲದು, ಅಭ್ಯಾಸ ಮಾಡಿಸಬೇಕು. ಗುಂಪು ಮಾಡ್ಕೊಂಡು ಕೂರೋದನ್ನ ಪಾಠ ಇಲ್ಲದೇ ಎರಡು ಸಲ ಬರೀ ಪ್ರಾಕ್ಟೀಸ್ ಮಾಡಿಸಿದ್ವಿ. ಇದು ಸಮಯ ಹಾಳು ಅನ್ನಿಸಬಹುದು. ಆದರೆ ಅದೇ ಮಕ್ಕಳು ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಾಗಿ ಹೋಗಿ, ಕೂತು, ಊಟ ಮಾಡಿ, ತಟ್ಟೆ ತೊಳೆದಿಡೋದನ್ನ ನಾವು ನೋಡಿದ್ದೀವಿ. ಅಲ್ಲಿ ಯಾರೂ ಕೋಲು ಹಿಡಿದು ನಿಂತಿರಲಿಲ್ಲ. ದಿನಾ ಒಂದೇ ಕ್ರಮ, ಅಷ್ಟೇ. ಶಿಸ್ತು ಅಂದ್ರೆ ಮುಕ್ಕಾಲು ಪಾಲು ಇದೇ.

ಸೂಚನೆ ಒಂದು ಸಲಕ್ಕೆ ಒಂದೇ. "ಪುಸ್ತಕ ತೆಗೀರಿ, 42ನೇ ಪುಟ ನೋಡಿ, ಚಿತ್ರ ಬರೀರಿ, ಆಮೇಲೆ ಗುಂಪಲ್ಲಿ ಕೂತ್ಕೊಳ್ಳಿ" ಅಂತ ಒಂದೇ ಉಸಿರಿಗೆ ಹೇಳಿದರೆ ನಮಗೇ ನೆನಪಿರಲ್ಲ. ಹೇಳಿದ ಮೇಲೆ ಒಂದು ಮಗುವಿನ ಕೈಲಿ ಅದನ್ನೇ ತಿರುಗಿ ಹೇಳಿಸಿ.

ನಡೀತಾ ಪಾಠ ಮಾಡಿ. ಇಬ್ಬರು ಮಾತಾಡ್ತಿದ್ದರೆ ಪಾಠ ನಿಲ್ಲಿಸದೆ ಅವರ ಪಕ್ಕಕ್ಕೆ ಹೋಗಿ ನಿಂತರೆ ಸಾಕು, ಹತ್ತರಲ್ಲಿ ಏಳು ಸಲ ಅಲ್ಲೇ ಮುಗಿಯತ್ತೆ.

ಮೂರು ಸೆಕೆಂಡ್

ಇನ್ನೊಂದು ಸಣ್ಣ ಉಪಾಯ, ಆದರೆ ಫಲ ದೊಡ್ಡದು. ಮೇರಿ ಬಡ್ ರೋ ಅನ್ನೋ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ ಪಾಠಗಳನ್ನ ಟೇಪ್ ಮಾಡಿ ಅಳೆದು ನೋಡಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದು ಸುಮಾರು ಒಂದೇ ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ತಾವೇ ಹೇಳ್ತಾರೆ, ಇಲ್ಲಾ ಬೇರೆಯವರನ್ನ ಕೇಳ್ತಾರೆ. ಇದನ್ನ ಮೂರು ಸೆಕೆಂಡ್‌ಗೆ ಏರಿಸಿದಾಗ ಉತ್ತರಗಳು ಉದ್ದ ಆದವು, ಉತ್ತರ ಕೊಡುವ ಮಕ್ಕಳ ಸಂಖ್ಯೆ ಹೆಚ್ಚಾಯ್ತು. ನಮ್ಮ ವಿಷಯಕ್ಕೆ ಬೇಕಾದ್ದು ಏನಂದ್ರೆ, ಗದರಬೇಕಾದ ಸಂದರ್ಭಗಳೂ ಕಮ್ಮಿ ಆದವು.

ಯಾಕೆ ಅಂತ ಯೋಚಿಸಿದರೆ ತಿಳಿಯತ್ತೆ. ಒಂದು ಸೆಕೆಂಡಲ್ಲಿ ಉತ್ತರ ಹೇಳೋರು ಕ್ಲಾಸಲ್ಲಿ ನಾಲ್ಕು ಜನ. ಉಳಿದವರಿಗೆ "ಇದು ನಮ್ಮ ಆಟ ಅಲ್ಲ" ಅಂತ ಬೇಗ ಗೊತ್ತಾಗತ್ತೆ. ಆಟದಿಂದ ಹೊರಗಿರುವವರು ತಮ್ಮದೇ ಆಟ ಶುರು ಮಾಡ್ತಾರೆ. ಮನೇಲಿ ತೆಲುಗು, ಶಾಲೇಲಿ ಕನ್ನಡ ಇರೋ ಮಗುವಿಗಂತೂ ಪ್ರಶ್ನೆ ಅರ್ಥ ಮಾಡ್ಕೊಂಡು, ಉತ್ತರ ಹುಡುಕಿ, ಅದನ್ನ ಕನ್ನಡಕ್ಕೆ ತರೋಕೆ ಆ ಮೂರು ಸೆಕೆಂಡ್ ಬೇಕೇ ಬೇಕು. ನಾವು ಮನಸ್ಸಲ್ಲೇ "ಒಂದು, ಎರಡು, ಮೂರು" ಎಣಿಸೋದು ಅಭ್ಯಾಸ ಮಾಡ್ಕೊಂಡ್ವಿ. ಮೊದಮೊದಲು ಆ ಮೌನ ತುಂಬಾ ಉದ್ದ ಅನ್ನಿಸ್ತಿತ್ತು.

ನಲಿ-ಕಲಿ: ಸದ್ದಿರೋ ಕ್ಲಾಸು ಕೆಟ್ಟ ಕ್ಲಾಸಲ್ಲ

ಶಿಸ್ತು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಕೈಕಟ್ಟಿ ಕೂತ ಮಕ್ಕಳು. ಆದರೆ ನಮ್ಮ ರಾಜ್ಯದ್ದೇ ನಲಿ-ಕಲಿ ತರಗತಿಗೆ ಹೋದರೆ ಅಲ್ಲಿ ಯಾರೂ ಕೈಕಟ್ಟಿ ಕೂತಿರಲ್ಲ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಇದರ ಮಾದರಿ ನೋಡಿ ಬಂದದ್ದು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯಲ್ಲಿ, ಅಂದ್ರೆ ನಮ್ಮ ಚಿಂತಾಮಣಿ ದಾಟಿ ಗಡಿಯಾಚೆ ಹೋದರೆ ಸಿಗೋ ಜಾಗ. 2009-10ರಿಂದ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಿತು.

ಅಲ್ಲಿ ಪಾಠಗಳು ಸಣ್ಣ ಸಣ್ಣ ಕಾರ್ಡ್‌ಗಳಾಗಿರ್ತವೆ. ಕಲಿಕಾ ಏಣಿ ಅಂತ ಇರತ್ತೆ, ಪ್ರತಿ ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ನೋಡ್ಕೊಂಡು ತನ್ನ ಕಾರ್ಡ್ ತಾನೇ ತಗೊಳ್ಳತ್ತೆ. ಮಕ್ಕಳು ಐದು ಗುಂಪಲ್ಲಿ ಕೂರ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಒಂದಕ್ಕೆ ಸ್ವಲ್ಪ ನೆರವು, ಎರಡು ಗುಂಪಿಗೆ ಜೊತೆಯ ಮಕ್ಕಳ ನೆರವು, ಕೊನೇದು ತಾನೇ ಕಲಿಯೋ ಗುಂಪು. ಸದ್ದು ಇರತ್ತೆ, ಓಡಾಟ ಇರತ್ತೆ. ಆದರೆ ಪ್ರತಿ ಮಗುವಿಗೂ ಈ ಕ್ಷಣ ತಾನು ಏನು ಮಾಡಬೇಕು ಅಂತ ಗೊತ್ತಿರತ್ತೆ. ನೀಟಾಗಿ ನಡೆಯೋ ಲ್ಯಾಬ್ ಥರ. ಲ್ಯಾಬ್ ಮೌನವಾಗಿರಬೇಕು ಅಂತ ಯಾರಾದರೂ ಹೇಳ್ತಾರಾ? ಕೇಳಬೇಕಾದ ಪ್ರಶ್ನೆ "ಸದ್ದು ಇದೆಯಾ" ಅಂತಲ್ಲ, "ಸದ್ದು ಯಾತರದ್ದು" ಅಂತ.

ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡೋದು ನಮಗೆ ಹೊಸದೂ ಅಲ್ಲ. ಮದ್ರಾಸಿನ ಒಂದು ಅನಾಥಾಲಯದ ಶಾಲೆ ನಡೆಸ್ತಿದ್ದ ಆಂಡ್ರೂ ಬೆಲ್ ಅನ್ನೋ ಪಾದ್ರಿ, ಸ್ಥಳೀಯ ಶಾಲೆಯ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದೋದನ್ನ ನೋಡಿದರು. ಅದನ್ನ ತಮ್ಮ ಶಾಲೆಗೂ ತಂದರು, ಮಕ್ಕಳ ಕೈಲೇ ಮಕ್ಕಳಿಗೆ ಪಾಠ ಮಾಡಿಸಿದರು. 1797ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಇಂಗ್ಲೆಂಡಿನಲ್ಲಿ ಅದು "ಮದ್ರಾಸ್ ಪದ್ಧತಿ" ಅಂತ ಹರಡಿತು. ನಾವೂ ಮೂರನೇ ವಾರದಿಂದ ಪ್ರತಿ ಗುಂಪಲ್ಲಿ ಎರಡೂ ಭಾಷೆ ಚೆನ್ನಾಗಿ ಬರೋ ಒಂದು ಮಗುವನ್ನ ಕೂರಿಸಿದ್ವಿ. "ಗಲಾಟೆ" ಅಂತ ನಾವು ಹೆಸರಿಟ್ಟಿದ್ದ ಅದೇ ಪಿಸುಮಾತು ಈಗ ಪಾಠದ ಭಾಗ ಆಯ್ತು.

ಇಷ್ಟೆಲ್ಲಾ ಮಾಡಿದ ಮೇಲೂ ತಪ್ಪು ನಡೆದರೆ

ನಡೆಯತ್ತೆ. ಆಗ ಏನು ಮಾಡೋದು?

ಎಲ್ಲರ ಎದುರು ಬೇಡ. ಹನ್ನೆರಡು ವರ್ಷದ ಹುಡುಗನಿಗೆ ಸ್ನೇಹಿತರ ಮುಂದೆ ಮರ್ಯಾದೆ ಮುಖ್ಯ, ನಮಗೂ ಅಷ್ಟೇ. ಎಲ್ಲರ ಮುಂದೆ ಸವಾಲು ಹಾಕಿದರೆ ಅವನು ಸೋಲೋ ಹಾಗಿಲ್ಲ, ನಾವೂ ಬಿಡೋ ಹಾಗಿಲ್ಲ. ಹತ್ತಿರ ಹೋಗಿ ತಗ್ಗಿದ ದನೀಲಿ ಒಂದು ಮಾತು ಹೇಳಿ, ಅಲ್ಲಿಂದ ಮುಂದೆ ಹೋಗಿಬಿಡಿ. ಅವನಿಗೆ ಸರಿಮಾಡಿಕೊಳ್ಳೋಕೆ ಜಾಗ ಸಿಗಬೇಕು.

ಮೊದಲು ಕೇಳಿ, ಆಮೇಲೆ ತೀರ್ಮಾನ. "ಏನಾಯ್ತು?" ಅನ್ನೋ ಒಂದು ಪ್ರಶ್ನೆ ಕೇಳಿದ್ದರೆ ಕರೆಂಟ್ ಕಂಬದ ಕತೆಗೆ ನಾವೂ ನಗಬಹುದಿತ್ತು.

ತಪ್ಪಿಗೂ ಪರಿಣಾಮಕ್ಕೂ ಸಂಬಂಧ ಇರಲಿ. ತಂತಿ ಚೆಲ್ಲಾಪಿಲ್ಲಿ ಮಾಡಿದವನು ಅದನ್ನ ಸುತ್ತಿ ಇಡಲಿ. ನೂರು ಸಲ ಇಂಪೊಸಿಷನ್ ಬರೆಸಿದರೆ ಅವನು ಕಲಿಯೋದು ಬರವಣಿಗೆ ಅಂದ್ರೆ ಶಿಕ್ಷೆ ಅಂತ. ಲೆಕ್ಕವನ್ನ ಶಿಕ್ಷೆಯಾಗಿ ಕೊಡೋದೂ ಹಾಗೇ. ಒಬ್ಬ ಮಾಡಿದ ತಪ್ಪಿಗೆ ಇಡೀ ಕ್ಲಾಸಿಗೆ ಶಿಕ್ಷೆ ಅಂತೂ ಬೇಡವೇ ಬೇಡ. ತಪ್ಪು ಮಾಡದವರು ನಮ್ಮ ಪರ ಇದ್ದವರು, ಅವರನ್ನೂ ಕಳ್ಕೊಳ್ತೀವಿ.

ಹೇಳಿದ್ದನ್ನ ಮಾಡಿ, ಮಾಡೋಕೆ ಆಗದ್ದನ್ನ ಹೇಳಬೇಡಿ. "ಇನ್ನೊಂದು ಸಲ ಮಾತಾಡಿದರೆ ಕ್ಲಾಸೇ ತಗೊಳ್ಳಲ್ಲ" ಅಂತ ಮೂರು ಸಲ ಹೇಳಿ ಕ್ಲಾಸು ತಗೊಂಡರೆ ನಾಲ್ಕನೇ ಸಲ ಯಾರೂ ನಂಬಲ್ಲ.

ನಮ್ಮ ಕೈ ಮೀರಿದ ವಿಷಯವೂ ಇರತ್ತೆ. ಒಂದು ಮಗು ಸದಾ ಮಂಕಾಗಿದ್ದರೆ, ಮೈಮೇಲೆ ಗಾಯ ಕಂಡರೆ, ಯಾರನ್ನೋ ಕಂಡು ಹೆದರ್ತಿದ್ದರೆ ಅದನ್ನ ಶಿಸ್ತಿನ ಸಮಸ್ಯೆ ಅಂದುಕೊಂಡು ನಾವೇ ಬಗೆಹರಿಸೋಕೆ ಹೋಗಬಾರದು. ಶಾಲೆಯ ಮುಖ್ಯ ಶಿಕ್ಷಕರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098 ನಂಬರ್ ಎಲ್ಲರ ಫೋನಲ್ಲೂ ಇರಲಿ.

ಪ್ರಶ್ನೆ ಕೇಳೋದು ಅಶಿಸ್ತಲ್ಲ

ಗೌರಿಬಿದನೂರಿನ ಬಗ್ಗೆ ಬರೆದು ಎಚ್ಚೆನ್ ಅವರನ್ನ ನೆನೆಯದೇ ಇರೋಕಾಗಲ್ಲ. ಡಾ. ಎಚ್. ನರಸಿಂಹಯ್ಯ 1920ರಲ್ಲಿ ಹುಟ್ಟಿದ್ದು ಇದೇ ತಾಲೂಕಿನ ಹೊಸೂರಿನಲ್ಲಿ, ಬಡ ಕುಟುಂಬದಲ್ಲಿ. ಓದೋ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಹೋದವರು. ಬಸವನಗುಡಿಯ ನ್ಯಾಷನಲ್ ಸಂಸ್ಥೆಯಲ್ಲಿ ಓದಿ, ಅಮೆರಿಕದ ಒಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಪಡೆದು, ಅದೇ ನ್ಯಾಷನಲ್ ಕಾಲೇಜಿಗೆ ಪ್ರಿನ್ಸಿಪಾಲರಾದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಗೌರಿಬಿದನೂರು, ಬಾಗೇಪಲ್ಲಿಗಳಿಗೂ ನ್ಯಾಷನಲ್ ಕಾಲೇಜು ಬಂದದ್ದರ ಹಿಂದೆ ಅವರಿದ್ದರು. ಇಷ್ಟೆಲ್ಲಾ ಆದ ಮೇಲೂ 2005ರಲ್ಲಿ ತೀರಿಕೊಳ್ಳೋವರೆಗೆ ಅವರ ವಾಸ ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ, ವಿದ್ಯಾರ್ಥಿಗಳ ಜೊತೆ.

ಎಚ್ಚೆನ್ ಸರಳತೆ, ಸಮಯಪಾಲನೆಗಳಿಗೆ ಹೆಸರಾದವರು. ಅದೇ ಎಚ್ಚೆನ್ ಜೀವನವಿಡೀ ಹೇಳಿದ್ದು ಪ್ರಶ್ನೆ ಮಾಡಿ, ಯಾರು ಹೇಳಿದರೂ ಪರೀಕ್ಷಿಸದೆ ಒಪ್ಪಬೇಡಿ ಅಂತ. ಇವೆರಡೂ ಒಬ್ಬರಲ್ಲೇ ಇರೋಕೆ ಸಾಧ್ಯ ಅನ್ನೋದು ನಮಗೆ ಮುಖ್ಯವಾಗಿ ಕಾಣತ್ತೆ. ಶಿಸ್ತು ಅಂದ್ರೆ ಬಾಯಿ ಮುಚ್ಚಿಸೋದು ಅಂದುಕೊಂಡವರ ಕ್ಲಾಸಲ್ಲಿ ಪ್ರಶ್ನೆ ಹುಟ್ಟಲ್ಲ. ಪ್ರಶ್ನೆ ಹುಟ್ಟದ ಕ್ಲಾಸಲ್ಲಿ ವಿಜ್ಞಾನ ಪಾಠ ಮಾಡಿ ಏನು ಪ್ರಯೋಜನ?

ನಮ್ಮ ಕ್ಲಾಸಿನ ಕಡೆಗೂ ಒಂದು ನೋಟ

ಕೊನೆಗೆ ನಮ್ಮ ಬಗ್ಗೆ. ಈಗಷ್ಟೇ ಎಂ.ಟೆಕ್ ಮುಗಿಸಿ ಬಂದ ಹೊಸ ಲೆಕ್ಚರರ್ ಕ್ಲಾಸಿಗೆ ಬಂದಾಗ ನಾವೇನು ಮಾಡ್ತೀವಿ? ಹಿಂದಿನ ಬೆಂಚಲ್ಲಿ ರೀಲ್ಸ್, ಪ್ರಾಕ್ಸಿ ಅಟೆಂಡೆನ್ಸ್, ಅವರ ಇಂಗ್ಲಿಷ್ ಉಚ್ಚಾರಣೆಗೆ ನಗು. ಅವರು ಸಿಟ್ಟಾಗಿ "85 ಪರ್ಸೆಂಟ್ ಇಲ್ಲದಿದ್ದರೆ ನೋಡ್ಕೊಳ್ತೀನಿ" ಅಂತಾರೆ. ಬೋರ್ಡ್ ಮುಂದೆ ಆರು ಶನಿವಾರ ನಿಂತ ಮೇಲೆ ನಮಗೆ ಅವರ ಕಷ್ಟ ಗೊತ್ತಾಯ್ತು. ಅವರಿಗೂ ಯಾರೂ ಕ್ಲಾಸು ಹೇಗೆ ನಡೆಸೋದು ಅಂತ ಹೇಳಿಕೊಟ್ಟಿಲ್ಲ. ಶಾಲಾ ಶಿಕ್ಷಕರಿಗಾದರೂ ಬಿ.ಇಡಿ, ಡಿ.ಇಡಿ ಇದೆ. ಎಂ.ಟೆಕ್ ಸಿಲಬಸ್‌ನಲ್ಲಿ ಅದಿಲ್ಲ.

ಆ ಹುಡುಗನ ಕತೆ ಏನಾಯ್ತು ಅಂತ ಕೇಳಬಹುದು. ಮೂರನೇ ಶನಿವಾರ ಬಂದಿದ್ದ, ಹಿಂದಿನ ಸಾಲಲ್ಲಿ ಕೂತಿದ್ದ. ಮಂಡಿಯೂರಿಸಿದ್ದು ಎಲ್ಲರ ಎದುರು, ಹಾಗಾಗಿ ಕ್ಷಮೆಯನ್ನೂ ಎಲ್ಲರ ಎದುರೇ ಕೇಳಿದ್ವಿ. ತಪ್ಪು ನಮ್ಮದು, ಪುಸ್ತಕದ ಪದ ನಮಗೇ ಗೊತ್ತಿರಲಿಲ್ಲ ಅಂತ ಹೇಳಿದ್ವಿ. ಮಕ್ಕಳು ನಕ್ಕರು. ಅವನು ನಗಲಿಲ್ಲ, ತಲೆ ಬಗ್ಗಿಸಿ ಕೂತಿದ್ದ. ಆಮೇಲಿನ ಎರಡು ವಾರವೂ ಅವನು ನಮ್ಮ ಜೊತೆ ಮಾತಾಡಲಿಲ್ಲ. ಕೊನೇ ಶನಿವಾರ ಮೋಟಾರ್ ತಿರುಗದೇ ಇದ್ದಾಗ ಎದ್ದು ಬಂದು, "ಅಣ್ಣಾ, ಧ್ರುವ ಉಲ್ಟಾ ಇದೆ" ಅಂದ. ತೆಗೆದು ತಿರುಗಿಸಿ ಇಟ್ವಿ. ತಿರುಗಿತು.

ಮುಂದಿನ ಸೆಮ್‌ನಲ್ಲಿ ಹೋಗೋ ಬ್ಯಾಚ್‌ನವರು ಸಂಘದ ರೂಮಿಗೆ ಬಂದರೆ ನಮ್ಮ ಕೂತ ಜಾಗದ ನಕ್ಷೆ, ಎಂಟು ಸೂಜಿಗಲ್ಲು, ಏಳನೇ ಕ್ಲಾಸಿನ ಕನ್ನಡ ವಿಜ್ಞಾನ ಪುಸ್ತಕ ಕೊಡ್ತೀವಿ. ಹೊರಡೋ ಮುಂಚೆ ಪುಸ್ತಕದ ಪದಗಳನ್ನ ಒಂದು ಸಲ ಓದ್ಕೊಂಡು ಹೋಗಿ. ಸ್ಕೇಲು ಇಲ್ಲೇ ಬಿಟ್ಟು ಹೋಗಿ.